ಒಂದೇ ರಿಂಗಿನ ಕೋಚ್

ಬಾಸ್ಕೆಟ್‌ಬಾಲ್ ಉದ್ದನೆಯವರ ಆಟ ಎಂದು ನಮ್ಮ ಪ್ರಾಂಶುಪಾಲರು ಎಲ್ಲೋ ಕೇಳಿದ್ದರು. ನಾನು ಉದ್ದ ಇದ್ದೇನೆ ಎಂಬುದನ್ನು ಕಣ್ಣಾರೆ ಕಂಡಿದ್ದರು. ಈ ಎರಡು ಸತ್ಯಗಳನ್ನು ಅಕ್ಕಪಕ್ಕ ಇಟ್ಟು, ಗಜೇಂದ್ರಗಡದ ನಮ್ಮ ಕಾಲೇಜಿನ ಹುಡುಗಿಯರ ತಂಡಕ್ಕೆ ನನ್ನನ್ನು ಕೋಚ್ ಮಾಡಿಬಿಟ್ಟರು. ನಾನು ಪಾಠ ಹೇಳುವುದು ಅರ್ಥಶಾಸ್ತ್ರ.

ನನ್ನ ಉದ್ದದಿಂದ ನನಗೆ ಅದುವರೆಗೆ ಯಾವ ಲಾಭವೂ ಆಗಿರಲಿಲ್ಲ. ವಯಸ್ಸಿನಲ್ಲಿದ್ದಾಗ ನನ್ನನ್ನು ನೋಡಲು ಬಂದ ವರಗಳು ಕುಳಿತಿರುವಾಗ ಚೆನ್ನಾಗಿಯೇ ಮಾತಾಡುತ್ತಿದ್ದರು. ನಾನು ಚಹಾದ ತಟ್ಟೆ ಹಿಡಿದು ಬಂದು ನಿಂತ ಮೇಲೆ ಜಾತಕ ಕೂಡುತ್ತಿರಲಿಲ್ಲ. ಕೊನೆಗೆ ನಾನೂ ಅವ್ವನೂ ಆ ವಿಷಯ ಬಿಟ್ಟುಬಿಟ್ಟೆವು. ಹೋದ ವರ್ಷ ಅವ್ವನೂ ಹೋದಳು.

ಈಗ ರೋಣದ ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋಗುವುದು, ಬೇಡಿಕೆಯ ಗೆರೆಯನ್ನೂ ಪೂರೈಕೆಯ ಗೆರೆಯನ್ನೂ ಹಲಗೆಯ ಮೇಲೆ ಒಂದಕ್ಕೊಂದು ತಾಗಿಸುವುದು, ಸಂಜೆ ಬಸ್ಸು ಹಿಡಿದು ವಾಪಸು ಬರುವುದು. ಬೀಗ ತೆಗೆದು ಒಳಗೆ ಕಾಲಿಡುತ್ತಲೇ ಟಿ.ವಿ. ಹಚ್ಚುತ್ತೇನೆ. ನೋಡುವುದಕ್ಕಲ್ಲ. ನಾನು ಅಡುಗೆಮನೆಯಲ್ಲಿರುವಾಗ ನಡುಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದು. ಆದ್ದರಿಂದ ಪ್ರಾಂಶುಪಾಲರು ಕರೆದು ಹೇಳಿದಾಗ ನಾನು ಬೇಡವೆಂದದ್ದು ಬಾಯಿಮಾತಿಗೆ ಮಾತ್ರ.

"ದೈಹಿಕ ಶಿಕ್ಷಣದ ಸರ್ ವರ್ಗ ಆಗಿ ಹೋದ್ರು ಮೇಡಂ," ಎಂದರು ಅವರು. "ಮುಂದಿನ ತಿಂಗಳ ನರಗುಂದದಾಗ ಅಂತರಕಾಲೇಜು ಪಂದ್ಯ ಐತಿ. ತಂಡದ ಹೆಸರು ಕೊಟ್ಟೇವಿ. ನೀವ ತಯಾರ ಮಾಡ್ರಿ."

"ನನಗ ಆಟ ಬರಂಗಿಲ್ರಿ ಸರ್."

"ಆಟ ಅವ್ರ ಆಡ್ತಾರ್ರಿ. ನೀವ ಬಾಜೂಕ ನಿಂತು ಹೇಳೂದಷ್ಟ. ಕ್ಲಾಸಿನ್ಯಾಗ ಹೇಳೂದಿಲ್ಲೇನು, ಹಂಗ."

ದೇಶದ ಆರ್ಥಿಕತೆಯನ್ನು ನಡೆಸದೆಯೇ ಇಷ್ಟು ವರ್ಷ ಅದನ್ನು ಹೇಗೆ ನಡೆಸಬೇಕೆಂದು ಹೇಳಿಕೊಟ್ಟವಳು ನಾನು. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ.

ಅಂಗಳ ನೋಡಲು ಹೋದೆ. ಕಾಲೇಜಿನ ಹಿಂದೆ ಸಿಮೆಂಟಿನ ಅಂಗಳವೇನೋ ಇತ್ತು. ಆದರೆ ರಿಂಗ್ ಇದ್ದದ್ದು ಒಂದೇ. ಇನ್ನೊಂದು ಕಡೆಯ ಕಂಬ ಯಾವುದೋ ಗಾಳಿಗೆ ವಾಲಿತ್ತಂತೆ, ಯಾರ ತಲೆಯ ಮೇಲಾದರೂ ಬಿದ್ದೀತೆಂದು ಕಿತ್ತು ಹಾಕಿದ್ದರು. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನಾನು ಮಾತ್ರ ಆ ಒಂಟಿ ಕಂಬವನ್ನು ನೋಡಿ ಮಹತ್ವದ ತೀರ್ಮಾನವೊಂದಕ್ಕೆ ಬಂದೆ. ಒಂದೇ ರಿಂಗ್ ಇದ್ದವರು ಅದನ್ನು ಕಾಯುವುದನ್ನು ಕಲಿಯಬೇಕು. ನಮ್ಮ ತಂಡದ ನೀತಿ ರಕ್ಷಣೆ. ತಲೆ ಎತ್ತಿದರೆ ಗುಡ್ಡದ ಮೇಲೆ ಕೋಟೆ ಕಾಣುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಅಂದಿನಿಂದ ಬಸ್ಸಿನಲ್ಲಿ ಹೋಗುತ್ತ ಬರುತ್ತ ಮೊಬೈಲಿನಲ್ಲಿ ಬಾಸ್ಕೆಟ್‌ಬಾಲ್ ವಿಡಿಯೋ ನೋಡಿದೆ. ರಕ್ಷಣೆಯಲ್ಲಿ ಎರಡು ಜಾತಿ ಎಂದು ತಿಳಿಯಿತು. ಒಂದು, ಪ್ರತಿಯೊಬ್ಬಳೂ ಎದುರಾಳಿಗಳಲ್ಲಿ ಒಬ್ಬಳನ್ನು ಬೆನ್ನುಹತ್ತಿ ಕಾಯುವುದು. ಇನ್ನೊಂದು, ಜಾಗ ಹಂಚಿಕೊಂಡು ತನ್ನ ತನ್ನ ಜಾಗ ಕಾಯುವುದು. ಅದಕ್ಕೆ ಝೋನ್ ಎನ್ನುತ್ತಾರೆ. ಮುಂದೆ ಇಬ್ಬರು, ರಿಂಗಿನ ಕೆಳಗೆ ಮೂವರು. ನನಗೆ ಝೋನ್ ಹಿಡಿಸಿತು. ಅದರಲ್ಲಿ ಓಡಾಟ ಕಡಿಮೆ, ಶಿಸ್ತು ಹೆಚ್ಚು.

ಕಲಿತದ್ದನ್ನು ಮನನ ಮಾಡಬೇಕಲ್ಲ. ಅಡುಗೆಮನೆಯ ನೆಲದ ಮೇಲೆ ಐದು ಸ್ಟೀಲ್ ಲೋಟ ಇಟ್ಟೆ, ಅವು ನಮ್ಮವರು. ಐದು ಉಳ್ಳಾಗಡ್ಡಿ, ಅವರು ನರಗುಂದದವರು. ಒಂದು ಲಿಂಬೆಹಣ್ಣು ಚೆಂಡು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಕೈ ಮ್ಯಾಲೆ! ಏ, ಕೈ ಮ್ಯಾಲೆ ಎತ್ತು. ನಿನ್ನ ಜಾಗಾ ಬಿಟ್ಟು ಎಲ್ಲಿ ಹೊಂಟಿ?" ಎಂದು ಕೂಗಿದೆ. ಪಕ್ಕದ ಮನೆಯ ನೀಲಮ್ಮನವರು ಕಿಟಕಿಯಲ್ಲಿ ಇಣುಕಿದರು.

"ಯಾರ ಬಂದಾರ್ರಿ ಅಕ್ಕಾರ ಮನಿಗಿ?"

"ಯಾರೂ ಇಲ್ರಿ."

"ಮತ್ತ ಯಾರ ಕೂಡ ಮಾತಾಡಾಕತ್ತಿದ್ರಿ?"

"ಲೋಟದ ಕೂಡ್ರಿ," ಎಂದೆ. ನಿಜವನ್ನೇ ಹೇಳಿದ್ದೆ.

ನೀಲಮ್ಮ ಸ್ವಲ್ಪ ಹೊತ್ತು ಲೋಟಗಳನ್ನೂ ನನ್ನನ್ನೂ ನೋಡಿದರು. ಕಿಟಕಿಯಿಂದ ಸರಿದು ಹೋದರು. ಮರುದಿನ ಒಂದು ಬಟ್ಟಲು ಝುಣಕ, ಎರಡು ರೊಟ್ಟಿ, ಕಾಗದದ ಪೊಟ್ಟಣದಲ್ಲಿ ಮಠದ ವಿಭೂತಿ ತಂದುಕೊಟ್ಟರು. "ಒಬ್ಬರ ಇದ್ರ ಹಂಗ ಆಗ್ತೈತ್ರಿ. ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು. ನಾನು ರಕ್ಷಣಾ ನೀತಿಯನ್ನು ವಿವರಿಸಲು ಹೋಗಲಿಲ್ಲ. ರೊಟ್ಟಿ ಬಿಸಿಯಾಗಿದ್ದವು.

ಹುಡುಗಿಯರು ಒಳ್ಳೆಯವರು. ಕ್ಯಾಪ್ಟನ್ ಕಾವೇರಿ ಗಜೇಂದ್ರಗಡದ ನೇಕಾರರ ಮನೆಯವಳು, ನನ್ನ ಕ್ಲಾಸಿನಲ್ಲಿಯೇ ಕೊನೆಯ ವರ್ಷದಲ್ಲಿದ್ದಳು. ಅಸೂಟಿಯ ರೇಣುಕಾ ಗಟ್ಟಿಮುಟ್ಟಿನ ಹುಡುಗಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಅದು ಎಂಥ ಅಪಾಯಕಾರಿ ಗುಣವೆಂದು ಆಗ ನನಗೆ ಗೊತ್ತಿರಲಿಲ್ಲ.

ನಾನು ಸುಣ್ಣದ ಪುಡಿಯಿಂದ ಅಂಗಳದಲ್ಲಿ ಐದು ಪಾಲು ಮಾಡಿದೆ. "ಇದು ನಿನ್ನ ಹೊಲ, ಅದು ಆಕೆಯದು. ನಿನ್ನ ಹೊಲಕ್ಕೆ ಚೆಂಡು ಬಂದರೆ ಬಿಡಬೇಡ. ಬೇರೆಯವರ ಹೊಲಕ್ಕೆ ಹೋಗಬೇಡ," ಎಂದು ಉಪದೇಶ ಮಾಡಿದೆ. ಉದಾಹರಣೆ ಅವರಿಗೆ ಎಷ್ಟು ಬೇಗ ಹಿಡಿಸಿತೆಂದರೆ ನನಗೇ ಆಶ್ಚರ್ಯವಾಯಿತು.

"ಬದು ದಾಟಿದ್ರ ಜಗಳ ಆಗ್ತಾವ್ರಿ ಮೇಡಂ," ಎಂದಳು ರೇಣುಕಾ. "ನಮ್ಮಪ್ಪ ಮತ್ತು ನಮ್ಮ ಕಾಕಾ ಅದಕ್ಕ ಮಾತ ಬಿಟ್ಟಾರ."

"ಹಾಂ, ಅದ. ಬದು ದಾಟಬ್ಯಾಡ್ರಿ."

ಅರ್ಧ ತಂಡ ಚೆಂಡು ಹಾಕುವುದು, ಅರ್ಧ ತಂಡ ಕಾಯುವುದು. ಆಮೇಲೆ ಅದಲುಬದಲು. ರಿಂಗ್ ಮಾತ್ರ ಅದೇ. ಸಂಜೆ ಅಭ್ಯಾಸ ಮುಗಿದ ಮೇಲೆ ಯಾರಾದರೂ ಬಸ್‌ಸ್ಟ್ಯಾಂಡಿನ ಕಡೆಯಿಂದ ಮಂಡಕ್ಕಿ, ಮಿರ್ಚಿ ತರುತ್ತಿದ್ದರು. ಸಿಮೆಂಟಿನ ಮೇಲೆ ಕಾಗದ ಹಾಸಿ ಎಲ್ಲರೂ ಸುತ್ತ ಕೂರುತ್ತಿದ್ದರು. "ಮೇಡಂ, ನೀವ ಎರಡ ತಗೋರಿ, ಮಧ್ಯಾಹ್ನ ಏನೂ ತಿಂದಿಲ್ಲ ನೀವು," ಎಂದು ಕಾವೇರಿ ನನ್ನ ಕೈಗೆ ಮಿರ್ಚಿ ಇಡುತ್ತಿದ್ದಳು. ನಾನು ತಿಂದೆನೋ ಬಿಟ್ಟೆನೋ ಎಂದು ಯಾರೋ ಗಮನಿಸಿದ್ದರು. ಖಾರ ಜಾಸ್ತಿ ಎಂದು ನೆಪ ಹೇಳಿ ಕಣ್ಣು ಒರೆಸಿಕೊಂಡೆ. ಆ ತಿಂಗಳು ನಾನು ಮನೆಗೆ ಹೋದ ಮೇಲೆ ಟಿ.ವಿ. ಹಚ್ಚುವುದನ್ನು ಮರೆಯತೊಡಗಿದೆ.

ತಂಡದ ಘನತೆಗಾಗಿ ಒಂದು ಸೀಟಿ, ಒಂದು ಟೋಪಿ ಕೊಂಡೆ. ಕ್ಯಾನ್ವಾಸ್ ಬೂಟು ಕೊಳ್ಳಲು ಹೋದರೆ ಹೆಂಗಸರದ್ದರಲ್ಲಿ ನನ್ನ ಅಳತೆ ಸಿಗಲಿಲ್ಲ. "ಸಾಹೇಬರಿಗೇನ್ರಿ?" ಎಂದು ಅಂಗಡಿಯವನು ಗಂಡಸರ ಬೂಟು ತೆಗೆದ. "ಹೌದು, ಸಾಹೇಬರಿಗೆ," ಎಂದು ಹೇಳಿ, ಇಲ್ಲದ ಸಾಹೇಬರ ಬೂಟನ್ನು ಮನೆಗೆ ತಂದೆ. ಸರಿಯಾಗಿಯೇ ಕೂತಿತು.

ಪಂದ್ಯದ ದಿನ ಬಂತು. ಟೆಂಪೋ ಮಾಡಿಕೊಂಡು ನರಗುಂದಕ್ಕೆ ಹೋದೆವು. ಪ್ರಾಂಶುಪಾಲರೂ ತಮ್ಮ ಕಾರಿನಲ್ಲಿ ಬಂದರು. ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತ ಮರ್ಯಾದಿ ಉಳಿಯೂವಂಗ ಆಡಿದ್ರ ಕಮಿಟಿಯವ್ರಿಗೆ ಹೇಳಿ ಎರಡನೇ ರಿಂಗ್ ಹಾಕಸ್ತೀನ್ರಿ. ಇಲ್ಲಾಂದ್ರ ಅಲ್ಲೆ ಸೈಕಲ್ ಮೋಟಾರ್ ನಿಲ್ಲಸೂ ಶೆಡ್ ಮಾಡೋಣ ಅನ್ನಾಕತ್ತಾರ," ಎಂದಿದ್ದರು. ಹುಡುಗಿಯರಿಗೂ ಇದು ಗೊತ್ತಿತ್ತು. ದಾರಿಯುದ್ದಕ್ಕೂ ಹಾಡುತ್ತಿದ್ದವರು ನರಗುಂದದ ಗುಡ್ಡ ಕಾಣುತ್ತಲೇ ಗಪ್ಪಾದರು.

ಆಟ ಶುರುವಾಯಿತು. ನಮ್ಮವರು ಹೋಗಿ ಝೋನ್ ಕಟ್ಟಿ ನಿಂತರು. ಎಂಥ ನೋಟ! ಮುಂದೆ ಇಬ್ಬರು, ಹಿಂದೆ ಮೂವರು, ಹತ್ತು ಕೈ ಮೇಲೆ. ನನ್ನ ಲೋಟಗಳೂ ಅಷ್ಟು ನೇರವಾಗಿ ನಿಂತಿರಲಿಲ್ಲ. ನರಗುಂದದ ಹುಡುಗಿಯರು ಚೆಂಡು ಹಿಡಿದು ಬಂದರು, ನೋಡಿದರು, ಒಳಗೆ ದಾರಿಯಿಲ್ಲವೆಂದು ನಿಂತರು. ನಾನು ಪ್ರಾಂಶುಪಾಲರ ಕಡೆ ತಿರುಗಿ ನಸುನಕ್ಕೆ.

ನಾನು ನಗುತ್ತಿರುವಾಗಲೇ ಅವರಲ್ಲೊಬ್ಬಳು ದೂರದಿಂದ ಚೆಂಡು ಎಸೆದಳು. ಅದು ನಮ್ಮವರ ನೆತ್ತಿಯ ಮೇಲಿಂದ ಹಾರಿಹೋಗಿ ರಿಂಗಿನೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದೇ ಹುಡುಗಿ, ಅದೇ ಜಾಗ. ಎರಡು ಹೊಲಗಳ ನಡುವಿನ ಬದುವಿನ ಮೇಲೆ ನಿಂತು ಆರಾಮಾಗಿ ಹಾಕುತ್ತಿದ್ದಳು.

"ಕಾವೇರಿ, ಮುಂದಕ್ಕೆ ಹೋಗಿ ತಡಿ ಆಕಿನ್ನ," ಎಂದು ಕೂಗಿದೆ.

"ಅದು ನನ್ನ ಹೊಲ ಅಲ್ರಿ ಮೇಡಂ."

"ರೇಣುಕಾ, ನೀನರ ಹೋಗು."

"ಬದು ದಾಟಬ್ಯಾಡ ಅಂದೀರಲ್ರಿ."

ಶಿಸ್ತು ಎಂದರೆ ಏನೆಂದು ಅಂದು ನರಗುಂದದ ಜನ ನೋಡಿದರು. ಮಧ್ಯಂತರದ ಹೊತ್ತಿಗೆ ನಮ್ಮ ಕೋಟೆ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ. ಚೆಂಡು ಮಾತ್ರ ಮೇಲಿಂದ ಬೀಳುತ್ತಲೇ ಇತ್ತು.

ಮಧ್ಯಂತರದಲ್ಲಿ ಹುಡುಗಿಯರಿಗೆ ನೀರು ಕುಡಿಸಿ, ಧೈರ್ಯ ಹೇಳಿ, ಕೈ ಇನ್ನಷ್ಟು ಎತ್ತರಿಸಲು ತಿಳಿಸಿ ಕಳಿಸಿದೆ. ಅವರು ಓಡಿಹೋಗಿ ಮೊದಲಿನ ರಿಂಗಿನ ಕೆಳಗೆ ಮೊದಲಿಗಿಂತ ಸುಂದರವಾಗಿ ನಿಂತರು. ಎದೆಯುಬ್ಬಿ ಬಂತು. ಆದರೆ ನರಗುಂದದವರು ಚೆಂಡು ಹಿಡಿದು ಆ ಕಡೆ ಬರಲೇ ಇಲ್ಲ. ಎದುರು ದಿಕ್ಕಿಗೆ ಓಡಿ, ಯಾರೂ ಇಲ್ಲದ ರಿಂಗಿನಲ್ಲಿ ಸಮಾಧಾನದಿಂದ ಚೆಂಡು ಹಾಕಿದರು. ಅವರಿಗೆ ದಿಕ್ಕು ತಪ್ಪಿದೆ ಎಂದು ನಾನು ಚಪ್ಪಾಳೆ ತಟ್ಟಿದೆ.

ಅಂಕ ಬರೆಯುವ ಮೇಜಿನ ಹತ್ತಿರ ಕೂತವರು ನನ್ನ ಕಡೆ ಬಾಗಿ, "ಮೇಡಂ, ಮಧ್ಯಂತರ ಆದ ಮ್ಯಾಲೆ ಕಡೆ ಬದಲಾಗ್ತಾವ್ರಿ," ಎಂದು ಮೆಲ್ಲಗೆ ಹೇಳಿದರು.

ಒಂದೇ ರಿಂಗಿನ ಅಂಗಳದಲ್ಲಿ ಬೆಳೆದವರಿಗೆ ಕಡೆಗಳು ಎರಡಿರುತ್ತವೆ ಎಂದು ಯಾರು ಹೇಳಬೇಕಿತ್ತು? ಕೋಚ್ ಹೇಳಬೇಕಿತ್ತು. ಕೋಚಿಗೆ ಗೊತ್ತಿರಲಿಲ್ಲ. ಸುತ್ತಲೂ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಪ್ರಾಂಶುಪಾಲರು ಮೊಬೈಲ್ ತೆಗೆದು ಯಾರೂ ಮಾಡದ ಕರೆಯನ್ನು ಸ್ವೀಕರಿಸಿದರು.

ಟೈಮ್‌ಔಟ್ ಕೇಳಿದೆ. ಹುಡುಗಿಯರು ಸುತ್ತ ಬಂದು ನಿಂತರು. ಕಾವೇರಿಯ ಕಣ್ಣಲ್ಲಿ ನೀರಿತ್ತು. "ಎಲ್ಲಾರೂ ನಗಾಕತ್ತಾರ್ರಿ ಮೇಡಂ," ಎಂದಳು. ಅವಳು ನನ್ನನ್ನು ಬೈದಿದ್ದರೆ ವಾಸಿಯಿತ್ತು. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು, ಮುಂದೇನು ಎಂದು.

"ಹೊಲ ಗಿಲ ಮರೆತುಬಿಡ್ರಿ," ಎಂದೆ. "ಒಬ್ಬೊಬ್ರು ಒಬ್ಬೊಬ್ಬಾಕಿನ್ನ ಹಿಡಕೊಳ್ರಿ. ಆಕಿ ಎಲ್ಲಿ ಹೋಗ್ತಾಳ, ನೀವ ಅಲ್ಲಿ. ರೇಣುಕಾ, ದೂರದಿಂದ ಹಾಕ್ತಾಳಲ್ಲ, ಆಕಿ ನಿನ್ನಾಕಿ. ಏನರ ಆಗಲಿ, ಆಕಿನ್ನ ಬಿಡಬ್ಯಾಡ."

"ಬಿಡಂಗಿಲ್ರಿ," ಎಂದಳು ರೇಣುಕಾ.

ಆಮೇಲೆ ಸ್ವಲ್ಪ ಹೊತ್ತು ನಡೆದದ್ದನ್ನು ನಾನು ಈಗಲೂ ಕಣ್ಣು ಮುಚ್ಚಿ ನೋಡಿಕೊಳ್ಳುತ್ತೇನೆ. ನಮ್ಮ ಹುಡುಗಿಯರು ಬದಲಾಗಿಬಿಟ್ಟರು. ನಗು ಕೇಳಿದ ಸಿಟ್ಟೋ, ಕಾಲಿಗೆ ಬಿಡುಗಡೆ ಸಿಕ್ಕ ಸಂತೋಷವೋ, ಒಬ್ಬೊಬ್ಬಳೂ ಎದುರಾಳಿಗೆ ಅಂಟಿಕೊಂಡು ಓಡಿದಳು. ನರಗುಂದದವರಿಗೆ ಚೆಂಡು ಯಾರಿಗೆ ಕೊಡಬೇಕೆಂದೇ ತಿಳಿಯದಾಯಿತು. ಕಾವೇರಿ ಚೆಂಡು ಕಸಿದುಕೊಂಡು ಓಡಿ ಹಾಕಿದಳು, ಸರಿಯಾದ ರಿಂಗಿಗೆ. ಮತ್ತೆ ಕಸಿದಳು, ಮತ್ತೆ ಹಾಕಿದಳು. ನಗುತ್ತಿದ್ದ ಜನ ನಮ್ಮ ಕಡೆ ಸೇರಿ ಕೂಗತೊಡಗಿದರು. ಪ್ರಾಂಶುಪಾಲರ ಕರೆ ಮುಗಿಯಿತು. ಸೋಲು ಸೋಲೇ, ಆದರೆ ಮರ್ಯಾದೆಯ ಸೋಲು. ಎರಡನೆಯ ರಿಂಗ್ ನನಗೆ ಗಾಳಿಯಲ್ಲಿ ಕಾಣಿಸಿತು.

ಆ ದೂರದಿಂದ ಹಾಕುವ ಹುಡುಗಿಗೆ ರೇಣುಕಾ ಉಸಿರಾಡಲು ಬಿಟ್ಟಿರಲಿಲ್ಲ. ಅವರ ಕೋಚ್ ಬೇಸತ್ತು ಆ ಹುಡುಗಿಯನ್ನು ಹೊರಗೆ ಕರೆದು, ಬೇರೆಯವಳನ್ನು ಒಳಗೆ ಕಳಿಸಿದರು. ಹೊಸಬಳು ಬಂದು ಬಂದಂತೆಯೇ ಸುಲಭವಾಗಿ ಚೆಂಡು ಹಾಕಿದಳು. ಅವಳ ಹತ್ತಿರ ನಮ್ಮವರು ಯಾರೂ ಇರಲಿಲ್ಲ. ಎಣಿಸಿದೆ. ಅಂಗಳದಲ್ಲಿ ನಮ್ಮವರು ನಾಲ್ಕೇ ಜನ.

ರೇಣುಕಾ ನರಗುಂದದವರ ಬೆಂಚಿನ ಮುಂದೆ ನಿಂತಿದ್ದಳು. ಬೆಂಚಿನ ಮೇಲೆ ಆ ಹುಡುಗಿ ನೀರು ಕುಡಿಯುತ್ತಿದ್ದಳು. ರೇಣುಕಾ ಎರಡೂ ಕೈ ಮೇಲೆತ್ತಿ ಅವಳನ್ನು ಕಾಯುತ್ತಿದ್ದಳು.

"ರೇಣುಕಾ, ಒಳಗ ಬಾ," ಎಂದು ಕೂಗಿದೆ.

"ಏನರ ಆಗಲಿ ಬಿಡಬ್ಯಾಡ ಅಂದೀರಲ್ರಿ ಮೇಡಂ," ಎಂದು ಅಲ್ಲಿಂದಲೇ ಕೂಗಿದಳು.

ಆಗ ನಾನು ಮಾಡಿದ್ದು ಆ ದಿನದ ಅತ್ಯಂತ ದೊಡ್ಡ ಕೆಲಸ. ಅವಳ ಕೈ ಹಿಡಿದು ಎಳೆತರಲೆಂದು ಸಾಹೇಬರ ಬೂಟು ಹಾಕಿಕೊಂಡು ಅಂಗಳದ ನಟ್ಟನಡುವೆ ಓಡಿದೆ. ಆಟ ನಡೆಯುತ್ತಿತ್ತು. ನರಗುಂದದವರು ತಮ್ಮವಳಿಗೆ ಎಸೆದ ಚೆಂಡು ನನ್ನ ಟೋಪಿಗೆ ಬಡಿದು ಹೊರಗೆ ಹೋಯಿತು. ಆ ತಿಂಗಳೆಲ್ಲ ನಮ್ಮ ತಂಡ ಮಾಡಿದ ರಕ್ಷಣೆಗಳಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದು ಅದೇ. ರೆಫರಿ ಸೀಟಿ ಊದಿ ನನ್ನ ಹತ್ತಿರ ಬಂದರು.

"ಮೇಡಂ, ಕೋಚ್ ಒಳಗ ಬರಂಗಿಲ್ರಿ."

"ಹುಡುಗಿ ಹೊರಗ ಹೋಗ್ಯಾಳ್ರಿ, ಕರಕೊಂಡ ಬರ್ತೀನಿ."

"ಆಕಿನೂ ಹೊರಗ ಹೋಗಂಗಿಲ್ರಿ," ಎಂದು ಅವರು ಬಹಳ ಗೌರವದಿಂದ ನನ್ನ ಮೇಲೆ ಫೌಲ್ ಕೊಟ್ಟರು. ಅದಕ್ಕೆ ಎದುರಾಳಿಗಳಿಗೆ ಒಂದು ಅಂಕ ಸಿಕ್ಕಿತು. ಆ ಪಂದ್ಯಕ್ಕೆ ನನ್ನ ಸ್ವಂತ ಕೊಡುಗೆ ಅದು. ಅಲ್ಲಿಗೆ ನಮ್ಮವರ ಕಾಲಿನ ಜೋರೂ ಹೋಯಿತು, ಆಟವೂ ಹೋಯಿತು. ಪ್ರಾಂಶುಪಾಲರು ಕಾರು ಹತ್ತುತ್ತ, "ನೀವರ ಏನ ಮಾಡ್ತೀರಿ ಬಿಡ್ರಿ," ಎಂದರು. ಶೆಡ್ಡಿನ ವಿಷಯ ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ.

ಹೊರಡುವ ಹೊತ್ತಿಗೆ ರೇಣುಕಾ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಗಿಡದ ನೆರಳಲ್ಲಿ ಆ ನರಗುಂದದ ಹುಡುಗಿಯ ಪಕ್ಕದಲ್ಲಿ ಕೂತು ಅವಳ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು.

"ಭಾಳ ಚಲೋ ಹುಡುಗಿ ಅದಾಳ್ರಿ ಮೇಡಂ," ಎಂದಳು. "ನಂಬರ್ ತಗೊಂಡೇನಿ. ಅಕ್ಕನ ಲಗ್ನಕ್ಕ ಕರದಾಳ."

ಸಂತೋಷವಾಯಿತು. ಹಾಗೆಯೇ, ಹೇಳಬಾರದು, ಸ್ವಲ್ಪ ಹೊಟ್ಟೆ ಉರಿಯಿತು. ಒಂದು ಮಧ್ಯಾಹ್ನ ಬೆನ್ನುಹತ್ತಿದ್ದಕ್ಕೆ ಅವಳಿಗೆ ಒಬ್ಬ ಗೆಳತಿ ಸಿಕ್ಕಿದ್ದಳು.

ನರಗುಂದದಿಂದ ಬರುವಾಗ ಮೊದಲು ಸಿಗುವುದು ರೋಣ. ಹಾಗಾಗಿ ಟೆಂಪೋದಿಂದ ಮೊದಲು ಇಳಿಯಬೇಕಾದವಳು ನಾನೇ. ಹುಡುಗಿಯರು ಸೋಲನ್ನು ಹೊಳೆಆಲೂರಿನ ಕಡೆಯ ಹೊಲಗಳಲ್ಲೇ ಎಲ್ಲೋ ಬಿಟ್ಟು ಹಾಡು ಶುರುಮಾಡಿದ್ದರು. ಎದ್ದು ನಿಂತಾಗ ಟೆಂಪೋದ ಚಾವಣಿ ತಲೆಗೆ ಬಡಿದದ್ದನ್ನೂ ಲೆಕ್ಕಿಸದೆ ಬಗ್ಗಿ ಇಳಿದೆ. ಕಾವೇರಿ ಕಿಟಕಿಯಿಂದ ಮುಖ ಹೊರಗೆ ಹಾಕಿದಳು.

"ಮೇಡಂ, ನಾಳೆ ಬರ್ತೀರೆಲ್ರಿ?"

"ಬರ್ತೀನವ್ವಾ, ಯಾಕ ಬರಂಗಿಲ್ಲ," ಎಂದೆ. ಇಷ್ಟೆಲ್ಲ ಆದರೂ ನಾಳೆ ಬರುತ್ತೀರಾ ಎಂದು ಕೇಳಿದಳಲ್ಲ. ಟೆಂಪೋ ಹೋಯಿತು. ಹಾಡು ಅಬ್ಬಿಗೇರಿ ರಸ್ತೆಯ ತಿರುವಿನವರೆಗೂ ಕೇಳಿಸಿತು. ಆಮೇಲೆ ಬೀದಿಯಲ್ಲಿ ನಾನು ಮತ್ತು ನನ್ನ ಬೂಟಿನ ಸದ್ದು. ನೀಲಮ್ಮನವರ ಮನೆಗೆ ಬೀಗ ಹಾಕಿತ್ತು, ಅವರು ಎಲ್ಲಿಗೋ ಹೋಗಿದ್ದರು. ಗೆದ್ದಿರೋ ಸೋತಿರೋ ಎಂದು ಕೇಳುವವರು ಯಾರೂ ಇರಲಿಲ್ಲ.

ಆದರೂ ಕಾವೇರಿಯ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅವರು ಮತ್ತೆ ಆಡಬೇಕೆಂದಿದ್ದಾರೆ. ಈ ಸಲ ಕಡೆ ಬದಲಾಗುವುದನ್ನು ಕಲಿಸುತ್ತೇನೆ ಎಂದು ಮರುದಿನ ಬೇಗ ಎದ್ದು ಮೊದಲ ಬಸ್ಸಿಗೇ ಗಜೇಂದ್ರಗಡಕ್ಕೆ ಹೋದೆ. ಕ್ಲಾಸಿನ ಬಾಗಿಲಲ್ಲಿ ಕಾವೇರಿ ಸಿಕ್ಕಳು. ನನ್ನನ್ನು ನೋಡಿ ಅವಳ ಮುಖ ಇಳಿಯಿತು.

"ಬಂದೇಬಿಟ್ರಿ ಮೇಡಂ?"

"ನೀನ ಕೇಳಿದ್ಯಲ್ಲವ್ವಾ, ಬರ್ತೀರೆಲ್ಲ ಅಂತ."

"ಹೌದ್ರಿ. ಇವತ್ತ ನಿಮ್ಮ ಟೆಸ್ಟ್ ಐತೆಲ್ರಿ. ನೀವ ದಣಿದು ಬರಂಗಿಲ್ಲೇನೋ ಅಂತ ಹುಡುಗ್ಯಾರೆಲ್ಲ ಅನ್ನಾಕತ್ತಿದ್ರು. ಅದಕ್ಕ ಕೇಳಿದ್ನಿ. ಯಾರೂ ಓದಿಲ್ರಿ."

ಟೆಸ್ಟ್ ನಡೆಯಿತು. ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಅಂದು ಯಾರ ಕಾಗದದಲ್ಲಿಯೂ ಒಂದನ್ನೊಂದು ಸಂಧಿಸಲಿಲ್ಲ.

ಸಂಜೆ ಅಭ್ಯಾಸದ ಹೊತ್ತಿಗೆ ಕಾಲುಗಳು ತಾವಾಗಿಯೇ ಅಂಗಳದ ಕಡೆ ಹೋದವು. ಯಾರೂ ಬಂದಿರಲಿಲ್ಲ. ಪಂದ್ಯ ಮುಗಿದಿತ್ತು, ಬರಬೇಕೆಂದು ನಾನೂ ಹೇಳಿರಲಿಲ್ಲ. ಚೆಂಡು ಗೋಡೆಯ ಬುಡದಲ್ಲಿ ಬಿದ್ದಿತ್ತು. ಎತ್ತಿಕೊಂಡೆ. ಅಂದು ಹೊಳೆಯಿತು, ಇಷ್ಟು ದಿನ ಈ ಚೆಂಡನ್ನು ಹೇಗೆ ತಡೆಯಬೇಕೆಂದು ಹೇಳಿದ್ದೆನೇ ಹೊರತು, ನಾನು ಒಮ್ಮೆಯೂ ಹಾಕಿ ನೋಡಿರಲಿಲ್ಲ. ಸುತ್ತಲೂ ನೋಡಿ, ವಿಡಿಯೋದಲ್ಲಿ ಕಂಡಂತೆ ಮೊಣಕಾಲು ಮಡಿಸಿ, ಎರಡೂ ಕೈಯಿಂದ ಎಸೆದೆ. ರಿಂಗಿಗೆ ತಾಗಲೂ ಇಲ್ಲ. ಹತ್ತಿರ ಹೋಗಿ ಎಸೆದೆ. ಹಲಗೆಗೆ ಬಡಿದು ಬಂತು. ಇನ್ನೂ ಹತ್ತಿರ ಹೋದೆ. ಚೆಂಡು ರಿಂಗಿನ ಅಂಚಿನ ಮೇಲೆ ಕೂತು, ಒಂದು ಸುತ್ತು ಸುತ್ತಿ, ಯೋಚನೆ ಮಾಡಿ ಹೊರಗೇ ಬಿತ್ತು.

ಗೇಟು ಹಾಕಲು ಬಂದ ಜವಾನ ಮಲ್ಲಪ್ಪ ಬೀಗದಕೈ ಹಿಡಿದು ನೋಡುತ್ತ ನಿಂತಿದ್ದ.

"ಬೀಳವಲ್ದೇನ್ರಿ ಮೇಡಂ?"

"ಬೀಳವಲ್ದು."

ಅವನು ಖಾಲಿ ಅಂಗಳವನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. "ಅಡ್ಡ ಯಾರರ ಇದ್ರೇನ್ರಿ?"

"ಇಲ್ಲಪ್ಪ," ಎಂದೆ. "ಯಾರೂ ಇರಲಿಲ್ಲ."